ಅರವತ್ತಮೂರನೇ ತಾಟು

ಇಂಡಿ ಬಸ್‌ ಸ್ಟ್ಯಾಂಡಿನೆದುರು ನನ್ನ ಝೆರಾಕ್ಸ್ ಅಂಗಡಿ.
ಶಟರ್ ಅರ್ಧ ಎಳೆದು, ಯಂತ್ರದ ಬಿಸಿ ಆರುವ ತನಕ
ಮೊಬೈಲಿನಲ್ಲಿ ದಿನವೂ ಒಂದೇ ಪುಟ ತಿದ್ದುತ್ತೇನೆ:
ಯಾರು ಬೇಕಾದರೂ ಬರೆಯಬಹುದಾದ,
ಯಾರು ಬೇಕಾದರೂ ಅಳಿಸಬಹುದಾದ ವಿಶ್ವಕೋಶದಲ್ಲಿ
ನಮ್ಮ ಸಂಸ್ಥೆಯ ಪಾಲಿಗೆ ಬಂದ ಒಂಬತ್ತು ಸಾಲು.

ಮೊದಲ ಸಾಲಿಗೇ ಜಗಳ.
‘ಅನಾಥ ಮಕ್ಕಳ ಆಶ್ರಮ’ ಎಂದಿತ್ತು.
‘ಅನಾಥ’ವನ್ನು ಅಳಿಸಿ ಮಲಗಿದೆ.
ಬೆಳಗಾಗುವುದರೊಳಗೆ ಅದು ಮರಳಿ ಬಂದಿತ್ತು,
ರಜೆ ಮುಗಿಸಿದ ಹುಡುಗ
ತನ್ನದೇ ಮೂಲೆಯಲ್ಲಿ ಚಾಪೆ ಬಿಚ್ಚಿದ ಹಾಗೆ.

ಅನಾಥರಲ್ಲ ನಾವು.
ಅವ್ವ ಇದ್ದಳು, ಅಪ್ಪ ಇದ್ದ.
ದಸರೆ ಮುಗಿದದ್ದೇ ತಡ, ಮುಕಾದಮ ಟ್ರಕ್ಕು ತರುತ್ತಿದ್ದ.
ಕೊಯ್ತಾ, ತಗಡು, ಎರಡು ಚೀಲ ಜೋಳ,
ಕಾಲು ಕಟ್ಟಿದ ಕೋಳಿ ಕೂಡ ಏರುತ್ತಿತ್ತು;
ನಾವು ಇಳಿಯುತ್ತಿದ್ದೆವು.
ಕೃಷ್ಣೆಯ ಆಚೆ ಕಬ್ಬು ಮುಗಿದು
ಯುಗಾದಿಗೆ ಅವರು ತಿರುಗಿ ಬರುವ ತನಕ
ಐದು ತಿಂಗಳು ಸಂಸ್ಥೆಯ ಅನ್ನ.
ಹಂಗಾಮಿ ಎನ್ನಿ ಬೇಕಾದರೆ. ಹಂಗಿನವರು ಎನ್ನಿ.
ಅನಾಥ ಬೇಡ.

ಕಾರ್ಯದರ್ಶಿ ದೇಗಿನಾಳ ಸರ್ ಅವರ ಅಳಿಯ
‘ಸಾವಿರಾರು ಕಂದಮ್ಮಗಳ ಬಾಳಿಗೆ ಬೆಳಕಾದ’ ಎಂದು ಸೇರಿಸುತ್ತಾನೆ.
ರಾತ್ರಿ ಎರಡಕ್ಕೆ ‘ಕಹಿಬೇವು’ ಎಂಬ ಹೆಸರಿನವ ಬಂದು
‘ದೇಣಿಗೆ ನುಂಗಿದ’ ಎಂದು ತಿದ್ದುತ್ತಾನೆ.
ನಾನು ಎರಡನ್ನೂ ತೆಗೆಯುತ್ತೇನೆ,
ತೆಗೆಯುವಾಗ ಹೆಬ್ಬೆರಳು ಒಂದು ಕ್ಷಣ ತಡೆಯುತ್ತದೆ.

ಸೊಲ್ಲಾಪುರದ ಚಾದರ ಬಂದದ್ದು ನಿಜ, ಕೆಂಪಂಚಿನವು;
ಸಾಲಾಗಿ ಹೊದಿಸಿ, ಫೋಟೋ ತೆಗೆದು,
ಮಡಿಸಿ ಒಳಗಿಟ್ಟು ಕೀಲಿ ಹಾಕಿದ್ದೂ ನಿಜ.
ಕೀಲಿ ಹಾಕಿದ ಅದೇ ದೇಗಿನಾಳ ಸರ್
ನನಗೆ ಕಾಮಾಲೆ ಆದಾಗ
ಸೈಕಲ್ಲಿನ ಮುಂದಿನ ಸರಳಿಗೆ ಟವೆಲ್ ಸುತ್ತಿ ಕೂಡಿಸಿಕೊಂಡು
ಹೊರ್ತಿಯ ತನಕ ತುಳಿದರು, ಎದುರುಗಾಳಿಯಲ್ಲಿ;
ಅವರ ಬೆವರು ನನ್ನ ನೆತ್ತಿಗೆ ಬೀಳುತ್ತಿತ್ತು.
ಎರಡೂ ಹಿಡಿಸುವಂಥ ಒಂದು ಕ್ರಿಯಾಪದ
ನನಗಿನ್ನೂ ಸಿಕ್ಕಿಲ್ಲ.

ಮಕ್ಕಳೆಷ್ಟು?
ವರದಿಯಲ್ಲಿ ಇನ್ನೂರ ನಲವತ್ತು, ಪತ್ರಿಕೆಯಲ್ಲಿ ನೂರೈವತ್ತು.
ನಾನು ಬರೆದೆ: ಚಳಿಗಾಲಕ್ಕೆ ನೂರಾ ಹದಿನೆಂಟು, ಬೇಸಿಗೆಗೆ ಏಳು.
ಪಕ್ಕದಲ್ಲಿ ಯಾರೋ ಚೀಟಿ ಹಚ್ಚಿದರು: ಆಧಾರ ಬೇಕು.

ಆಧಾರ!
‘ಆಧಾರವಿಲ್ಲದವರಿಗೆ ಆಧಾರ’ ಎಂದು
ಸಂಸ್ಥೆಯ ಗೋಡೆಗೆ ನೀಲಿಯಲ್ಲಿ ಬರೆದಿದ್ದರು.
ಈಗ ನನ್ನ ವಾಕ್ಯವೂ ಅದೇ ಗೋಡೆಗೆ ಒರಗಿ ನಿಂತಿದೆ.
ಕಂಡದ್ದು ನಡೆಯದು, ಉಂಡದ್ದು ನಡೆಯದು,
ಅಚ್ಚಾದದ್ದು ಬೇಕಂತೆ.

ನನ್ನ ಹತ್ತಿರ ಇರುವುದು ಒಂದು ಸ್ಟೀಲಿನ ತಾಟು,
ಅಂಚಿಗೆ ಮೊಳೆಯಿಂದ ಕೊರೆದ ೬೩.
ಬಿಟ್ಟು ಹೋಗುವಾಗ ತೊಳೆದು ಒಪ್ಪಿಸಬೇಕಿತ್ತು;
ಕೊನೆಯ ವರ್ಷ ಕದ್ದೆ.
ಒಂದು ರಾತ್ರಿ ಅದನ್ನು ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ
ಹಾಳೆಯ ತುಂಬ ಕರೀ ಹುಣ್ಣಿಮೆ,
ನಂಬರು ಕಾಣಲೇ ಇಲ್ಲ.

ಕಹಿಬೇವಿಗೆ ಕೇಳಿದೆ: ನೀನ್ಯಾರಪ್ಪಾ, ನಿನಗೇನು ಗೊತ್ತು,
ನಿನ್ನ ತಾಟಿನ ನಂಬರೆಷ್ಟು?
ಎರಡು ದಿನ ಸುದ್ದಿಯಿಲ್ಲ.
ಮೂರನೇ ರಾತ್ರಿ ಬಂತು: ಇಪ್ಪತ್ತೊಂಬತ್ತು.
ಅದರ ಬೆನ್ನಿಗೇ ‘ನುಂಗಿದ’ ಕೂಡ ಮತ್ತೆ ಬಂತು.
ಈ ಸಲ ಅಳಿಸಲಿಲ್ಲ.
‘ಆಧಾರ ಬೇಕು’ ಎಂದಷ್ಟೇ ಹಚ್ಚಿ ಮಲಗಿದೆ.

ಇವತ್ತು ತಾಂಡಾದ ಪುತಳಾಬಾಯಿ ಬಂದಿದ್ದಳು,
ಮಗಳ ಕೈ ಬಿಡದೆ, ಸಂಸ್ಥೆಯ ಅರ್ಜಿ ಹಿಡಿದು.
ನಾಳೆ ನಸುಕಿನಲ್ಲಿ ಟ್ರಕ್ಕು.
ಓದಲು ಬಾರದು, ನೀವೇ ತುಂಬ್ರಿ ಎಂದಳು.
ಹೆಸರು ತುಂಬಿದೆ. ವಯಸ್ಸು ಅಂದಾಜಿಗೆ ಎಂಟು.
ಮುಂದಿನ ಸಾಲು: ತಂದೆ ತಾಯಿ, ಇದ್ದಾರೆ / ಇಲ್ಲ.
ಪೆನ್ನು ಹಿಡಿದವ ಹಾಗೇ ನಿಂತೆ.
ಅವಳು ನನ್ನ ಮುಖ ನೋಡಿದಳು, ಹಾಳೆ ನೋಡಿದಳು,
ಮಗಳಿಗೆ ಕೇಳಿಸದ ಹಾಗೆ ಮೇಜಿಗೆ ಬಾಗಿ,
‘ಅದಾರ ಅಂದ್ರ ಸೀಟ ಕೊಡಂಗಿಲ್ಲಂತಣ್ಣ.
ಇಲ್ಲಂತ ಬರಿ.
ಐದು ತಿಂಗಳ ಮಟ್ಟಿಗಷ್ಟ.’