ಸೀಟಿ ಇಲ್ಲದ ಅಡುಗೆ

ಮೂರನೆಯ ಸೀಟಿಗೆ ಎದ್ದು ಬಂದೆ, ಸಲೋಮಿ.
ಏನೂ ಅನ್ನಲಿಲ್ಲ. ಒಲೆ ಆರಿಸಿ
ಮೆಟ್ಟಿಲ ಮೇಲೆ ಕೂತೆ,
ರಾತ್ರಿಯಿಡೀ ಮೀನು ಸೀಳಿದ ಕೈಗಳನ್ನು
ಮಡಿಲಲ್ಲಿ ಅಂಗಾತ ಬಿಟ್ಟುಕೊಂಡು.
ಬೆಳಗಿನ ಒಂಬತ್ತು. ನೀನು ಮಲಗಿ ಎರಡೇ ತಾಸು.

ಮರುದಿನವೇ ತಂದೆ ಇದನ್ನು,
ಹಲ್ ಪೇಟೆಯ ಹಳೇ ಸಾಮಾನಿನ ಅಂಗಡಿಯಿಂದ
ಆರು ಪೌಂಡಿಗೆ.
ಕಂದು ಗಡಿಗೆ, ಅದಕ್ಕೊಂದು ಕರೆಂಟಿನ ಅಂಗಿ.
ಮುಚ್ಚಳ ಬೇರೆ ಯಾವುದೋ ಗಡಿಗೆಯದು.
ಗುಂಡಿಯ ಸುತ್ತ ಬರೆದದ್ದನ್ನೆಲ್ಲ
ಯಾರದೋ ಬೆರಳು ತಿಂದುಬಿಟ್ಟಿದೆ.
ಇದು ಸದ್ದು ಮಾಡುತ್ತದಾ ಎಂದು ಕೇಳಿದೆ.
ಅಂಗಡಿಯ ಮುದುಕಿ ನನ್ನನ್ನೇ ನೋಡಿದಳು.

ಕಟುಕ ಥ್ಯಾಕ್ರೆ ಎದೆಯ ತುಂಡು ಕೊಟ್ಟ,
ದಾರ ಸುತ್ತಿ, ಮಗುವಿನ ಹಾಗೆ.
‘ಬಾಳೆಲ್ಲ ಭಾರ ಹೊತ್ತ ಜಾಗ ಇದು,
ಒಂದೇ ಮಾತಿಗೆ ಬಗ್ಗುವುದಿಲ್ಲ.
ನಾಲ್ಕು ತಾಸಿಗೆ ನೋಡು, ಬೂಟಿನ ಅಟ್ಟೆ.
ಹೆಚ್ಚು ಬೆಂದು ಕೆಟ್ಟಿತೆಂದು
ಎಲ್ಲರೂ ಅಲ್ಲೇ ಕೈಬಿಡುತ್ತಾರೆ.
ಕೆಟ್ಟಿರುವುದಿಲ್ಲ. ಇನ್ನೂ ಬಿಡು.
ಮುಚ್ಚಳ ಮಾತ್ರ ತೆಗೆಯಬೇಡ:
ಒಂದು ಸಲ ಇಣುಕಿದರೆ ಅರ್ಧ ತಾಸು ದಂಡ.’

ಹೊಗೆ ಗಂಟೆಗೆ ನಿನ್ನ ಸ್ನಾನದ ಟೊಪ್ಪಿಗೆ ತೊಡಿಸಿ,
ಅಡುಗೆಮನೆ ಬಾಗಿಲ ಸಂದಿಗೆ ಟವೆಲ್ ತುರುಕಿ,
ಕಳ್ಳನ ಹಾಗೆ ಹುರಿದೆ, ನಾಲ್ಕೂ ಮೈ.
ಈರುಳ್ಳಿ, ಗಜ್ಜರಿ, ಸಣ್ಣ ಆಲೂಗಡ್ಡೆ,
ಮೆಣಸು, ಜಜ್ಜಿದ ಬೆಳ್ಳುಳ್ಳಿ,
ಬ್ಯಾಡಗಿ ಖಾರ ಒಂದು ಚಮಚ
(ಥ್ಯಾಕ್ರೆಗೆ ಹೇಳಲಿಲ್ಲ).
ನೀರು ಒಂದೇ ಲೋಟ. ಮುಚ್ಚಿದೆ. ಎಂಟು ಗಂಟೆ.

ಆಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ.
ಬೇಳೆಗೆ ನಾಕು, ಕಡಲೆಗೆ ಆರು, ಎಲುಬಿಗೆ ಎಂಟು:
ಬೆಟಗೇರಿಯಲ್ಲಿ ನನ್ನವ್ವ ಬೆರಳು ಮಡಿಸಿ
ಕಲಿಸಿದ ಲೆಕ್ಕ ಅಷ್ಟೇ.
ಇಲ್ಲಿ ಮಡಿಸಲು ಏನೂ ಇಲ್ಲ.
ಗಾಜಿನ ಒಳಮೈಗೆ ಹನಿ ಕೂಡುತ್ತದೆ,
ದಪ್ಪಗಾಗುತ್ತದೆ, ಜಾರುತ್ತದೆ.
ಮತ್ತೊಂದು.
ಮೇಲೆ ಮಂಚ ಒಮ್ಮೆ ಕಿರ್ ಎಂದಿತು.
ಉಸಿರು ಹಿಡಿದೆ. ನೀನು ಮಗ್ಗುಲು ಬದಲಿಸಿದ್ದೆ.

ನಿದ್ದೆಗೆ ಬೇಲಿ ಕಟ್ಟಿದೆನೆಂದು ಹೆಮ್ಮೆಪಟ್ಟವನು
ವಾಸನೆಯ ವಿಚಾರ ಮರೆತಿದ್ದೆ.
ಟವೆಲ್ಲಿನ ಅಡಿಯಿಂದ ನುಸುಳಿ
ಹದಿಮೂರು ಮೆಟ್ಟಿಲು ಹತ್ತಿ
ಒಂದು ಗಂಟೆಗೆ ಅದು ನಿನ್ನ ಹೊದಿಕೆ ಎಳೆಯಿತು.

ಬಿಚ್ಚಿದ ಜಡೆ, ನನ್ನ ಸ್ವೆಟರು, ಬರಿಗಾಲು.
‘ಏನ್ ಇಟ್ಟೀರಿ ಇದು?’
ನಾನು ಬೇಡ ಬೇಡ ಎನ್ನುತ್ತಿದ್ದೆ, ಅಷ್ಟರಲ್ಲಿ
ಮುಚ್ಚಳ ನಿನ್ನ ಕೈಯಲ್ಲಿ.
ಹೊಗೆಯಂಥ ಹಬೆ. ನಿನ್ನ ಮುಖ ಕಾಣಲಿಲ್ಲ,
ನಗು ಕೇಳಿತು.
ಬೇಯುವ ತನಕ ಇದ್ದವರಿಗೆ ಆರುವ ತನಕ ಇರಲಾಗದೆ
ಅನ್ನುತ್ತಾರೆ; ನಾವು ಬೇಯುವ ತನಕವೂ ಇರಲಿಲ್ಲ.
ಒಲೆಕಟ್ಟೆಗೆ ಒರಗಿ, ನಿಂತೇ,
ಒಂದು ಫೋರ್ಕು, ಇಬ್ಬರು,
ಅಟ್ಟೆ ಅಗಿದೆವು.
‘ಇನ್ನ ಬೆಂದಿಲ್ಲ ಬಿಡ್ರಿ,’ ಎಂದೆ ಬಾಯಿ ತುಂಬಿಕೊಂಡು,
ಮತ್ತೊಂದು ತುಂಡು ಚುಚ್ಚಿದೆ.
ವಾರದ ನಡುವೆ ನಿನ್ನನ್ನು ಹಗಲ ಬೆಳಕಿನಲ್ಲಿ ಕಂಡು
ಎಷ್ಟು ದಿನವಾಗಿತ್ತೋ. ಬಲಗಿವಿಯ ಹತ್ತಿರ
ಒಂದು ನರೆ. ಹೇಳಲಿಲ್ಲ.

ಎರಡಕ್ಕೆ ನನ್ನ ಬಸ್ಸು. ನೀನು ಮತ್ತೆ ಮೇಲೆ.

ರಾತ್ರಿ ಹತ್ತೂವರೆ. ಬೀಗ ತೆರೆದರೆ ಮನೆ ಬೆಚ್ಚಗೆ,
ನೀನು ಪಾಳಿಗೆ ಹೋಗಿಯಾಗಿದೆ.
ಗುಂಡಿ ತಿರುಗಿಸಿ ಬೆಚ್ಚಗಿನ ಕಡೆಗಿಟ್ಟಿದ್ದೀಯ,
ದಾರ ಬಿಚ್ಚಿ, ಸುತ್ತಿ, ನಲ್ಲಿಯ ಪಕ್ಕ ಇಟ್ಟಿದ್ದೀಯ.
ಥ್ಯಾಕ್ರೆ ಹೇಳಿದ್ದು ಖರೆ:
ಚಮಚ ತಾಗಿದ್ದೇ ತಡ, ಎಳೆಎಳೆಯಾಗಿ ಬಿಟ್ಟುಕೊಂಡಿತು,
ಹಲ್ಲಿಗೆ ಕೆಲಸವೇ ಇಲ್ಲ.
ಒಬ್ಬನೇ ಕೂತು ಉಂಡೆ. ರುಚಿಯಾಗಿತ್ತು.

ಆದರೆ ಮಧ್ಯಾಹ್ನದ್ದೊಂದು ನಾರು
ದವಡೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು.
ಎಂಟು ತಾಸು, ಪ್ರತಿ ನಿಲ್ದಾಣದಲ್ಲೂ,
ಬಾಗಿಲು ತೆರೆದು ಮುಚ್ಚುವ ನಡುವೆ
ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.
ಈಗಲೂ ಕಡ್ಡಿ ಹಾಕಿಲ್ಲ.