ತೂಗು ಹಾಕಿದ ಸ್ಕ್ರೂ

ಉದ್ಯಮಬಾಗದಾಗ, ಮೂರನೇ ಗೇಟಿನ ಆಚೆ
ತಗಡಿನ ಶೆಡ್ಡು. ಕೆಳಗ ವಾಲ್ವು ಕೊರಿಯೂ ಮಶೀನು ಮೂರು,
ಮ್ಯಾಲ ಅಟ್ಟದಾಗ ನಾನು, ಒಂದು ಫ್ಯಾನು, ಒಂದು ಕಂಪ್ಯೂಟರು.
ಮಶೀನಿಗೆ ಹೇಳೂ ಮಾತು ಬರಿಯಾವರು ಬ್ಯಾರೆ.
ಆ ಮಾತು ಪೋಣಿಸಿ, ಕಟ್ಟಿ, ತಪ್ಪಿದ್ರ ತಡದು
ಕೆಳಗ ಇಳಸೂ ಟೂಲು ಒಂದೈತಿ; ಅದನ್ನ ಬರದಾಕಿ ನಾನು.
ಆ ಟೂಲನ್ನ ಕಟ್ಟಾಕೂ
ಆ ಟೂಲೇ ಬೇಕು.
ಹೊರಗಿನವರು ಕೇಳಿ ನಗತಾರ.

ಜುಲೈದಾಗ ಒಂದು ಗುರುವಾರ, ಶಿಫ್ಟು ಮುಗದಿತ್ತು.
ಹೊಸಾ ಆವೃತ್ತಿ, ನಾಕು ತಿಂಗಳ ದುಡಿತ.
ಎಲ್ಲಿಡಲಿ? ಅಂತ ಪರದಿ ಕೇಳಿತು.
ಹಳೇದಿದ್ದ ಜಾಗದಾಗ, ಅಂದೆ.
ಹಳೇದರ ಮ್ಯಾಲ ಬರದು ಬಿಡಲೇನು?
ಹೂಂ ಅಂದೆ. ಚಾ ಆರತಿತ್ತು.

ಮುಂಜಾನೆ ಒಂದನೇ ಮಶೀನು ಸುಮ್ಮನ ನಿಂತಿತ್ತು,
ಎರಡನೇದು ಅರ್ಧಾ ನುಂಗಿದ ಪ್ರೋಗ್ರಾಮು ಬಾಯಾಗ ಹಿಡಕೊಂಡು.
ಸಣ್ಣ ತಪ್ಪು, ಒಂದ ಸಾಲು, ಕಣ್ಣಿಗೆ ಕಾಣತಿತ್ತು.
ತಿದ್ದಿದೆ. ತಿದ್ದಿದ್ದನ್ನ ಕಟ್ಟಾಕ ಹೋದೆ,
ಕಟ್ಟೂದನ್ನ ಕೆಡಿಸಿಟ್ಟಾಕಿ ನಾನ.
ಕೊಡ್ಲಿಗೆ ಕಾವಿಲ್ಲ;
ಕಾವು ಕಡಿಯೋಣಂದ್ರ ಕೊಡ್ಲಿ ಇಲ್ಲ.
ಮಾಲಕರು ಸಿಟ್ಟಿಗೇಳಲಿಲ್ಲ. ಗಡಿಯಾರ ನೋಡಿದರು.
ಅದು ಹೆಚ್ಚು ಉರೀತು.

ಮೂರನೇದು ಮಾತ್ರ ಗುಂಯ್ ಅಂತ ನಡದಿತ್ತು.
ಹೆಗ್ಗಣ ಅದರ ಕೇಬಲ್ಲು ಕಡದು ಹದಿನೈದು ದಿನ,
ಯಾರೂ ಬದಲಿ ಮಾಡವಲ್ಲರು ಅಂತ ನಾನ ದಿನಾ ಬೈತಿದ್ದೆ.
ನನ್ನ ಹೊಸಾ ಬುದ್ಧಿ ಅಲ್ಲೀಮಟಾ ಮುಟ್ಟಿರಲಿಲ್ಲ.
ಹಳೇ ಟೂಲು ಅದರ ಹೊಟ್ಟ್ಯಾಗ ಕುಂತಿತ್ತು.
ಪೆನ್ ಡ್ರೈವಿನ್ಯಾಗ ಮ್ಯಾಲ ತಂದೆ, ಎಳೇ ಕೂಸಿನಂಗ.
ಅಲ್ಲ, ಅಷ್ಟು ಮೆತ್ತಗೇನಲ್ಲ. ಕದ್ದ ಮಾಲಿನಂಗ.

ದಸ್ತಗೀರ ಚಾಚಾ ಮೂಲ್ಯಾಗ, ಹಳೇ ಲೇಥಿನ ಮುಂದ.
ಲೀಡ್ ಸ್ಕ್ರೂ ಸವದೈತಿ, ಹೊಸದು ಕಡ್ಯಾಕತ್ತಾನ,
ಹಳೇದನ್ನ ತಿರುಗಿಸಿ ತಿರುಗಿಸಿ,
ಅದರ ಸುರುಳಿ ಹಿಡದು ಇದರ ಸುರುಳಿ.
"ನೋಡು ನೀಲವ್ವ, ಇದು ಅದನ್ನ ಹಡ್ಯಾಕತ್ತೈತಿ.
ಹಡಿಯೂತನಕ ಬಿಚ್ಚಬಾರದು.
ಹಡದ ಮ್ಯಾಲೂ ಲಗೂನ ಬಿಚ್ಚಬಾರದು.
ಗುಜರಿಯಿಂದ ತಂದ ಆ ಜೋಡಿ ಲೇಥಿಗೆ ಹಾಕಿ
ನಾಕು ಬೋಲ್ಟು ಕಡದು ನೋಡತೇನಿ.
ನಟ್ಟು ಒಂದ ಬೆರಳಿಗೆ ತುದೀತನಕ ಓಡಬೇಕು.
ಓಡಲಿಲ್ಲಂದ್ರ? ಓಡಲಿಲ್ಲ. ಹಳೇದು ಎಲ್ಲಿ ಹೋಗೇತಿ?"
ಆಮ್ಯಾಲ, ಬೀಡಿ ಹುಡಕೋತ,
"ಹಳೇದರ ಓರೆ ಹೊಸದಕ್ಕೂ ಇಳಿತೈತಿ, ಅದು ಬ್ಯಾರೆ ಮಾತು."

ಈಗ ಹೊಸದಕ್ಕ ಬ್ಯಾರೆ ಕೋಣಿ.
ಬ್ಯಾರೆ ಹಾದಿ, ಬ್ಯಾರೆ ಹೆಸರು, ಕಸದ ಬುಟ್ಟಿ ಸೈತ ಬ್ಯಾರೆ.
ಹಳೇದರ ಉಗ್ರಾಣದಾಗ ಅದು ಕೈ ಹಾಕಂಗಿಲ್ಲ.
ಹಳೇದರ ಫೋಲ್ಡರಿನ್ಯಾಗ ಬರಿಯೂ ಹಕ್ಕು
ನನಗೂ ಇಲ್ಲ.
ಮೊದಲು ನನಗ ಇಲ್ಲ.

ಹಳೇದು ಹೊಸದನ್ನ ಕಟ್ಟತೈತಿ.
ಆ ಹೊಸದು ತನ್ನನ್ನ ತಾನ ಮತ್ತೊಮ್ಮೆ ಕಟ್ಟಕೋತೈತಿ.
ಕಟ್ಟಿಸಿಕೊಂಡದ್ದು, ಕಟ್ಟಿಕೊಂಡದ್ದು, ಎರಡೂ
ಬೈಟಿಗೆ ಬೈಟು ಒಂದಾಗಬೇಕು.
ನಿನ್ನೆ ರಾತ್ರಿ ಆದವು, ನಾಕು ಬೈಟು ಬಿಟ್ಟು.
ನಸುಕಿನ ತನಕ ಹುಡುಕಿದೆ:
ತಾ ಎಷ್ಟೊತ್ತಿಗೆ ಹುಟ್ಟಿದೆ ಅಂತ
ಎರಡೂ ತಮ್ಮ ತಮ್ಮ ಗಳಿಗಿ ಬರಕೊಂಡಿದ್ದವು.

ಆದ್ರೂ ಇನ್ನೂ ಬದಲಿ ಮಾಡಿಲ್ಲ.
ಮೂರನೇದರ ಕೇಬಲ್ಲು ಬಂದೈತಿ, ಹಳದಿ ಬಣ್ಣ,
ಡಬ್ಬ್ಯಾಗ ಸುತಗೊಂಡು ಕುಂತೈತಿ.
ಕೆಳಗ ಚಾಚಾ, ಮೂರು ತಿಂಗಳ ಮ್ಯಾಲ ಬಿಚ್ಚಿದ ಹಳೇ ಸ್ಕ್ರೂಗೆ
ಎಣ್ಣಿ ಸವರಿ, ಅರಿವಿ ಸುತ್ತಿ,
ಗ್ವಾಡಿಗೆ ನೆಟ್ಟಗ ತೂಗು ಹಾಕ್ಯಾನ.
ಮಲಗಿಸಿದ್ರ ತನ್ನ ಭಾರಕ್ಕ ತಾನ ಬಾಗತೈತಂತ.