ನೆರಳಿನ ಬೆಲೆ

ವಿಯೆಟ್ನಾಮಿನ ಯಾವ ನದಿಯ ದಡದಲ್ಲೋ
ಬಿದಿರು ಸೀಳಿದ ಕೈ ನನ್ನ ಪಟ್ಟಿಯಲ್ಲಿಲ್ಲ.
ಇರುವುದು ಕಡ್ಡಿ, ಟನ್ನಿಗಿಷ್ಟು,
ಹಡಗು, ಚೆನ್ನೈ ಬಂದರಿನ ಕಾಯುವ ದಿನಗಳು,
ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವ ಲಾರಿ,
ಕೊನೆಗೆ ಕ್ಯಾತಮಾರನಹಳ್ಳಿಯ ಈ ಓಣಿ.
ನಕ್ಷೆಯಲ್ಲಿ ಇದರ ಹೆಸರು ಗಂಟು ನಲವತ್ತೇಳು.

ಹೇಳಿದ್ದಕ್ಕೆ ಮೆಹಬೂಬಿ ನಕ್ಕಳು:
"ನಮ್ಮತ್ರ ಎಲ್ಲಿ ಮೇಡಂ ಗಂಟು, ಬರೀ ಕಡ್ಡಿ."

ಮಣೆಯ ಮೇಲೆ ಇದ್ದಲ ಪುಡಿ, ಜಿಗಟು, ನೀರು.
ಅಂಗೈ ಒಮ್ಮೆ ಹೋಗಿ ಬಂದರೆ ಒಂದು ಊದುಬತ್ತಿ.
ಗಡಿಯಾರ ಹಿಡಿದು ಕೂತೆ: ಹನ್ನೊಂದು ಸೆಕೆಂಡು,
ಹತ್ತು, ಹನ್ನೊಂದು,
ಮಗು ಎದ್ದು ಅತ್ತಾಗ ನಲವತ್ತು.
ಸರಾಸರಿ ತೆಗೆದೆ. ಅಳು ಅದರಲ್ಲಿ ಕರಗಿತು.

ಇಂಗಾಲದ ಲೆಕ್ಕ ನನ್ನ ಕಸುಬು.
ಹಡಗು ಉಗುಳಿದ್ದು, ಲಾರಿ ಉಗುಳಿದ್ದು,
ಲೇಗೋಸಿಗೆ ಹೊರಟ ಪೆಟ್ಟಿಗೆಯ ರಟ್ಟು.
ಅವಳಿಗೆ ಇಂಗಾಲ ಮೊಣಕೈವರೆಗೆ,
ಉಗುರ ಸಂದಿಯಲ್ಲಿ, ಬೆಳಗಿನ ಕೆಮ್ಮಿನಲ್ಲಿ.
ಅದಕ್ಕೊಂದು ಕಾಲಂ ಎಳೆದೆ.
ಏಕಮಾನ ತೋಚದೆ ಖಾಲಿ ಬಿಟ್ಟೆ.

ಕಡಿಮೆಯಾಗಲಿ: ಖರ್ಚು, ಹೊಗೆ, ದಿನ.
ತೀರಲಿ: ಕೊಳ್ಳುವವರ ಬೇಡಿಕೆ.
ಯಾವುದೂ ಸೊನ್ನೆಗಿಂತ ಕೆಳಗಿಳಿಯಬಾರದು.
ಈ ಕೊನೆಯ ಷರತ್ತು ಮಾತ್ರ ಅವಳಿಗೆ ಹಿಡಿಸಲಿಲ್ಲ.
"ನಮ್ದು ಇಳಿದಿದೆಯಲ್ಲ ಮೇಡಂ,
ಮೇಸ್ತ್ರಿ ಹತ್ರ ಮುಂಗಡ."

ಕಂಪ್ಯೂಟರು ವಾರಕ್ಕೆ ಹದಿನೆಂಟು ಸಾವಿರ ಎಂದಿತು.
ಬಂದದ್ದು ಹನ್ನೊಂದು.
ಹಡಗಿನ ದಿನ ತಿದ್ದಿದೆ, ಲಾರಿ ಎರಡಾಗಿಸಿದೆ,
ಕೈಗಳ ವೇಗವನ್ನೇ ಅನುಮಾನಿಸಿದೆ, ನಾಚಿಕೆಯಾಗುತ್ತದೆ.
ನೀರಿನ ಟ್ಯಾಂಕಿನ ಪಕ್ಕ ಒಂದು ಹೊಂಗೆಮರವಿತ್ತು,
ನನ್ನ ಸ್ಕೂಟರನ್ನು ದಿನಾ ಅದರ ಕೆಳಗೇ ನಿಲ್ಲಿಸುತ್ತಿದ್ದೆ.

"ಮೇಡಂ, ಗಾಡಿ ಸ್ವಲ್ಪ ಆ ಕಡೆ."

ಬತ್ತಿ ಬಿಸಿಲಿಗಿಟ್ಟರೆ ಬಾಗುತ್ತದೆ, ಬಿರಿಯುತ್ತದೆ.
ನೆರಳಲ್ಲೇ ಒಣಗಬೇಕು.
ಹನ್ನೆರಡು ಮನೆ, ಒಂದು ಮರ.
ಹತ್ತರವರೆಗಿನ ನೆರಳು ಮೆಹಬೂಬಿಗೆ, ಪಕ್ಕದ ಸಣ್ಣಮ್ಮನಿಗೆ,
ನಡುಹೊತ್ತಿನದು ಬಾಣಂತಿ ಇರುವ ಮನೆಗೆ,
ಮೂರರ ಮೇಲೆ ನೆರಳು ಮೋರಿಯ ಮೇಲೆ ಬೀಳುತ್ತದೆ,
ಅದು ಯಾರದೂ ಅಲ್ಲ.
ಎಲ್ಲೂ ಬರೆದಿಟ್ಟಿಲ್ಲ. ಜಗಳವೂ ಇಲ್ಲವೆಂದೇನಲ್ಲ.

ನಮ್ಮ ಶಾಸ್ತ್ರದಲ್ಲಿ ನೆರಳು ಬೆಲೆ ಎಂಬ ಮಾತಿದೆ:
ಕೊರತೆಯ ವಸ್ತು ಇನ್ನೊಂದು ಮೊಳ ಸಿಕ್ಕರೆ
ಒಟ್ಟು ಲೆಕ್ಕ ಎಷ್ಟು ಹಗುರಾದೀತು ಎಂಬುದು.
ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ.
ಬರಿಯ ಉಪಮೆ ಎಂದುಕೊಂಡಿದ್ದೆ.

ಗಂಟು ನಲವತ್ತೆಂಟು, ಹೊಂಗೆ, ಎಂದು ಸೇರಿಸಿದೆ.
ರಾತ್ರಿ ಉತ್ತರ ಬಂತು.
ಹಡಗು ಒಂದು ದಿನ ಬೇಗ ಬಂದರೆ: ಸೊನ್ನೆ.
ಇನ್ನೊಂದು ಲಾರಿ: ಸೊನ್ನೆ.
ಒಂದು ಚದರ ಗಜ ನೆರಳು:
ದಿನಕ್ಕೆ ಆರು ರೂಪಾಯಿ ನಲವತ್ತು ಪೈಸೆ.

ಹಾಗಾದರೆ ಇನ್ನೊಂದು ಮರ.
ಮಾದರಿಯ ಕಾಲ ಐವತ್ತೆರಡು ವಾರ,
ಹೊಂಗೆ ಕೇಳುವುದು ಎಂಟು ವರ್ಷ.
ಅವಧಿ ಎಳೆದೆ, ಯಂತ್ರ ತಿಣುಕಿತು,
ಬೆಳಗಾದರೂ ಮುಗಿಯಲಿಲ್ಲ.

ಹೋಗಿ ನೋಡಿದರೆ ಒಡೆದ ಬಕೆಟ್ಟಿನಲ್ಲಿ
ಗೇಣುದ್ದದ ಸಸಿ, ಸುತ್ತ ಕಡ್ಡಿಗಳ ಬೇಲಿ,
ವಿಯೆಟ್ನಾಮಿನವೇ, ಮುರಿದವು.
"ಇದು ಮೂರನೇದು," ಎಂದಳು ಕೈ ಒರೆಸುತ್ತ.
"ಎರಡನ್ನ ರಿವರ್ಸ್ ಬರೋ ಆಟೋ ಮುರೀತು."

ಪುಸ್ತಕ ತೆಗೆದೆ.
ಆಟೋ ಹಿಂದಕ್ಕೆ ಬರುವ ಸಂಭವ, ದಿನಕ್ಕೆ,
ಎಂದು ಬರೆದುಕೊಂಡೆ.